ಎಂಬತ್ತಕ್ಕೆ ನಡುಗುವ ಕೈ

ನನಗೊಂದು ಕೆಟ್ಟ ಚಟ ಇದೆ. ಯಾರನ್ನು ನೋಡಿದರೂ ಸ್ವಲ್ಪ ಹೊತ್ತಿಗೆ ಅವರೇ ಆಗಿಬಿಡುತ್ತೇನೆ. ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ಮೂಗಿನಿಂದ ಊರ ಹೆಸರು ಕೂಗುವ ಕಂಡಕ್ಟರು, ಹಿಂಡಿ ತಡವಾದರೆ ಓಣಿಗೆಲ್ಲ ದೂರು ಹೇಳುವ ನಮ್ಮ ಎಮ್ಮೆ, ಫೋನಿನೊಳಗೆ ಕೂತು 'ಚಂದಾದಾರರು ಕಾರ್ಯನಿರತರಾಗಿದ್ದಾರೆ' ಎನ್ನುವ ಹೆಂಗಸು, ಇವರ್ಯಾರೂ ನನ್ನ ಬಾಯಿಂದ ತಪ್ಪಿಸಿಕೊಂಡಿಲ್ಲ. ನನ್ನನ್ನೂ ನಾನು ಬಿಟ್ಟಿಲ್ಲ. ಕಾಲೇಜಿನ ಮುಂದೆ ಹೀರೊನ ಹಾಗೆ ಕೂದಲು ಹಾರಿಸುತ್ತ ನಡೆದು ಗಟಾರಕ್ಕೆ ಕಾಲಿಟ್ಟ ಒಬ್ಬ ಮನುಷ್ಯನಿದ್ದಾನೆ. ಅವನನ್ನು ನನ್ನಷ್ಟು ಚೆನ್ನಾಗಿ ಯಾರೂ ಮಾಡಲಾರರು, ಯಾಕೆಂದರೆ ಅವನು ನಾನೇ.

ನಮ್ಮ ಕಡೆ ಇದಕ್ಕೆ ನಕಲಿ ಅನ್ನುತ್ತಾರೆ. ಅಣಕಿಸುವುದಕ್ಕೂ ನಕಲಿ, ತಮಾಷೆಗೂ ನಕಲಿ, ಅಂಗಡಿಯವನು ಕೊಟ್ಟ ಖೊಟ್ಟಿ ಸಾಮಾನಿಗೂ ನಕಲಿ. ಒಂದೇ ಮಾತಿನಲ್ಲಿ ಮೂರು ಕೆಲಸ. ಈ ಮಾತು ಒಂದು ದಿನ ನನ್ನ ಕುತ್ತಿಗೆಗೇ ಬರುತ್ತದೆಂದು ಗೊತ್ತಿರಲಿಲ್ಲ.

ನಾನಿರುವುದು ಸೋದರಮಾವನ ಮನೆಯಲ್ಲಿ, ಇಂಡಿಗೆ ಹತ್ತಿರದ ಒಂದು ನಿಂಬೆ ತೋಟದಲ್ಲಿ. ಅವನನ್ನು ಮಾಮಾ ಅನ್ನುತ್ತೇನೆ. ಮಾಮಾನಿಗೆ ಒಂದು ಬಿಳಿ ಪಿಕಪ್ ಇದೆ. ನಿಂಬೆ ಚೀಲ ಹೇರಿಕೊಂಡು ವಿಜಯಪುರ ದಾಟಿ, ಹೆದ್ದಾರಿ ಹಿಡಿದು, ಗೊಳಸಂಗಿ, ನಿಡಗುಂದಿ ಮೇಲೆ ಮುದ್ದೇಬಿಹಾಳದ ವ್ಯಾಪಾರಿಗಳಿಗೆ ಹಾಕಿ ಬರುವುದು ನಮ್ಮ ಕೆಲಸ. ಗಾಡಿ ಓಡಿಸುವವನು ಮಾಮಾ. ಪಕ್ಕದಲ್ಲಿ ಕೂತು ಬಾಯಿ ಓಡಿಸುವವನು ನಾನು.

ಮಾಮಾ ಓಡಿಸುವುದನ್ನು ನೋಡಬೇಕು. ಬಲಗೈ ಮೊಣಕೈ ಕಿಟಕಿಯ ಹೊರಗೆ. ಎಡಗೈಯ ಎರಡು ಬೆರಳು ಸ್ಟೇರಿಂಗ್ ಮೇಲೆ, ಸುಣ್ಣದ ಡಬ್ಬಿ ಹಿಡಿದಷ್ಟು ಹಗುರ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಎರಡು ಡಬ್ಬಿ ಹಿಂದೆ ಕಟ್ಟಿಕೊಂಡು ಓಲಾಡುತ್ತ ಬಂದರೂ ಆ ಮೊಣಕೈ ಒಳಗೆ ಬರುತ್ತಿರಲಿಲ್ಲ. ಮಾಮಾನಿಗೆ ದೊಡ್ಡ ಮಾತಿಲ್ಲ, ದೊಡ್ಡ ಹೊಲವಿಲ್ಲ, ಭಾಷಣವಿಲ್ಲ. ಇದ್ದ ಒಂದು ದೌಲತ್ತು ಅಂದರೆ ಆ ಮೊಣಕೈ.

ಗಾಡಿ ತೊಳೆಯುವುದು ಮೊದಲು ಅವನದೇ ಕೆಲಸವಾಗಿತ್ತು. ಮೊಣಕಾಲು ಬಗ್ಗದಂತಾದ ಮೇಲೆ ಅದು ನನಗೆ ಬಂತು. 'ಗಾಲಿ ಒಳಮಗ್ಗಲಾನೂ ಕೈ ಹಾಕಿ ತೊಳಿಬೇಕು, ನಮ್ಮದು ಎರಿ ಮಣ್ಣೈತಿ, ಮೆತ್ತಿದ್ದು ಕಲ್ಲಾಗತೈತಿ' ಎಂದು ಒಂದು ಸಲ ಹೇಳಿದ್ದ. ನಾನು ಹೂಂ ಅಂದಿದ್ದೆ. ಆದರೆ ನಾನು ತೊಳೆಯುತ್ತಿದ್ದುದು ಅಮಾವಾಸ್ಯೆ ಪೂಜೆಗೆ. ಮಾಮಾನ ಹೆಂಡತಿ, ನಮ್ಮ ಅತ್ತೆ, ಬಂದು ಗಾಲಿಗೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ನಿಂಬೆಹಣ್ಣು ಇಟ್ಟು ಹೋಗುತ್ತಿದ್ದಳು. ದೇವರಿಗೂ ನನ್ನ ಫೋನಿನ ಕ್ಯಾಮೆರಾಕ್ಕೂ ಕಾಣುವುದು ಗಾಲಿಯ ಹೊರಮೈ. ಹೊರಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಒಳಗಿನದನ್ನು ಯಾರು ಕೇಳುತ್ತಾರೆ?

ಆ ವರ್ಷ ಮಳೆಗಾಲ ಮುಗಿದ ಹೊಸತರಲ್ಲಿ, ಗೊಳಸಂಗಿ ಇನ್ನೂ ಬಂದಿರಲಿಲ್ಲ, ಮಾಮಾನ ಮೊಣಕೈ ಒಳಗೆ ಬಂತು. ಎರಡೂ ಕೈ ಸ್ಟೇರಿಂಗ್ ಮೇಲೆ ಹೋದವು. ನಾನು ಫೋನಿನಿಂದ ತಲೆ ಎತ್ತಿ ನೋಡಿದರೆ ಆ ಕೈಗಳು ನಡುಗುತ್ತಿದ್ದವು. ಮಣಿಕಟ್ಟಿನಿಂದ ಮೊಣಕೈವರೆಗೆ, ಜರಡಿ ಹಿಡಿದವರ ಕೈಯಂತೆ.

"ಗಾಡಿ ನಡಗಾಕತ್ತೈತಿ ಅಳಿಯಾ," ಅಂದ ಮಾಮಾ. "ಎಂಬತ್ತಕ್ಕ ಬಂತಂದ್ರ ಸಾಕು, ಸುರು ಆಗತೈತಿ."

ನನ್ನ ಸೀಟಿನಲ್ಲಿ ನನಗೇನೂ ಗೊತ್ತಾಗಲಿಲ್ಲ. ಕಾಲ ಕೆಳಗೆ ನಿಂಬೆ ಬುಟ್ಟಿ, ಕಿವಿಯಲ್ಲಿ ಹಾಡು. ನಾನು ನೋಡಿದ್ದು ಕೈಗಳನ್ನು ಮಾತ್ರ. ಬೇರೆ ಅಳಿಯನಾಗಿದ್ದರೆ 'ನಿಂದ್ರಸು ಮಾಮಾ, ಏನಾಗೇತಿ ನೋಡೋಣು' ಅನ್ನುತ್ತಿದ್ದ. ನಾನು, ಹೊಸ ಸರಕು ಸಿಕ್ಕಿತು ಅಂದುಕೊಂಡೆ.

ಮೊದಲ ಆಟ ನಮ್ಮೂರ ಕ್ರಾಸಿನ ಚಹಾದಂಗಡಿಯಲ್ಲಿ. ಸ್ಟೀಲ್ ತಾಟು ನನ್ನ ಸ್ಟೇರಿಂಗ್. ಮೊಣಕೈ ಹೊರಗೆ ಚಾಚಿ, ಬಾಯಲ್ಲಿ ಗೇರು ಹಾಕುತ್ತ, ನಿಧಾನಕ್ಕೆ ಸ್ಪೀಡು ಏರಿಸಿದೆ. ಎಂಬತ್ತಕ್ಕೆ ಬಂದಾಗ ಕೈ ನಡುಗಿಸಿದೆ. ಜನ ನಕ್ಕರು. ನಕ್ಕರೆಂದು ಗಲ್ಲ ನಡುಗಿಸಿದೆ. ಇನ್ನೂ ನಕ್ಕರು. ತಲೆ ನಡುಗಿಸಿದೆ, ಹಲ್ಲು ಕಟಕಟ ಅನ್ನಿಸಿದೆ, ಟೊಪ್ಪಿಗೆ ಕೆಳಗೆ ಬೀಳಿಸಿದೆ. ಕೊನೆಗೆ ಮಾಮಾನ ಒಡಕು ದನಿಯಲ್ಲಿ, "ಗಾಡಿ ನಡಗತೈತೋ ಅಳಿಯಾ, ನಾ ಅಲ್ಲ!" ಅಂದೆ. ಅಂಗಡಿಯವನು ನಗುತ್ತ ಚಹಾ ಸೋಸುವುದನ್ನೇ ಮರೆತ.

ಆ ಒಂದು ಸಾಲಿನ ಮೇಲೆ ನನ್ನ ಆಟ ನಿಂತಿತ್ತು. ಹೋದಲ್ಲೆಲ್ಲ ಅದನ್ನೇ ಕೇಳಿದರು.

ಸಿಂದಗಿಯಲ್ಲಿ ಮಾಮಾನ ಮಗಳ ಕುಬಸ ಆಯಿತು. ತುಂಬು ಬಸುರಿಯನ್ನು ಕೂರಿಸಿ, ಹಸಿರು ಬಳೆ ತೊಡಿಸಿ, ಆರತಿ ಮಾಡಿ ಉಂಡ ಮೇಲೆ ಬೀಗರ ಮನೆಯ ಹೆಂಗಸರು ನನ್ನನ್ನು ಪಡಸಾಲೆಗೆ ಕರೆದರು. ಮಾಮಾ ಗಂಡಸರ ಜೊತೆ ಹೊರಗೆ ಕೂತಿದ್ದ. ಆರತಿ ತಾಟು ಖಾಲಿ ಇತ್ತು. ಅದನ್ನೇ ಹಿಡಿದು ಶುರು ಮಾಡಿದೆ. ಬಸುರಿ ಹೊಟ್ಟೆ ಹಿಡಿದುಕೊಂಡು, "ಸಾಕೋ ಮಾರಾಯಾ, ಇಲ್ಲೇ ಹಡದಬಿಡತೇನಿ," ಅಂದಳು. ಅವಳ ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒರೆಸಿಕೊಂಡು, ನಗು ಇನ್ನೂ ಮುಗಿದಿರಲಿಲ್ಲ, ನಮ್ಮ ಅತ್ತೆಯನ್ನು ಕೇಳಿದಳು:

"ಯವ್ವಾ, ಬೀಗರಿಗೆ ಖರೇನ ಹಿಂಗ ಕೈ ನಡಗತಾವೇನು? ಅವರಪ್ಪಗೂ ಹಿಂಗ ಇತ್ತಲ್ಲ?"

ಅತ್ತೆಯ ನಗು ಅರ್ಧಕ್ಕೆ ನಿಂತಿತು. ಮಾಮಾನ ಅಪ್ಪ, ಅಂದರೆ ನನ್ನ ಅಜ್ಜ, ಕೊನೆಗಾಲದಲ್ಲಿ ಗಂಗಾಳದಿಂದ ಬಾಯಿಗೆ ತುತ್ತು ಒಯ್ಯಲಾರದೆ ಹೋದವನು. ಅಜ್ಜನದು ನನಗೆ ನೆನಪಿರಲಿಲ್ಲ. ಅತ್ತೆಗೆ ಇತ್ತು. ನಾನು ತಾಟು ಕೆಳಗಿಟ್ಟು, "ಏ ಅತ್ತಿ, ನಕಲಿ ಮಾಡಿನಿ," ಅಂದೆ. "ಕೈ ನಡಗಿದ್ದು ಖರೇನೋ ಸುಳ್ಳೋ?" ಅಂದಳು ನಮ್ಮ ಅತ್ತೆ. ಖರೇ ಅಂದೆ. ಕಣ್ಣಾರೆ ನೋಡಿದ್ದೆನಲ್ಲ.

ಊರಿಗೆ ಬಂದ ಮರುದಿನವೇ ಮನೆಯಲ್ಲಿ ಪಂಚಾಯಿತಿ. "ಹೆದ್ದಾರಿಯಾಗ ನೀವು ಗಾಡಿ ಹೊಡಿಯೂದು ಬ್ಯಾಡ್ರಿ," ಅಂದಳು ಅತ್ತೆ. "ಗಾಡಿ ನಡಗತೈತಿ, ನಾ ಅಲ್ಲ," ಅಂದ ಮಾಮಾ. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯವರು ಕಿಸಕ್ಕನೆ ನಕ್ಕರು. ಅವರಿಗೆ ಆ ಮಾತು ಮೊದಲೇ ಗೊತ್ತಿತ್ತು. ಮಾಮಾ ಅವರ ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ. ಅವನಿಗೆ ಆಗ ಎಲ್ಲ ತಿಳಿಯಿತು ಅನ್ನಿಸುತ್ತದೆ.

ತೀರ್ಮಾನಕ್ಕೆಂದು ನಾನೇ ಗಾಡಿ ತೆಗೆದೆ. ಮಾಮಾನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಂಡಿ ಪೇಟೆಗೆ ಹೋಗಿ ಬಂದೆ. ಆ ದಾರಿಯಲ್ಲಿ ಕುರಿ ಹಿಂಡು, ಹಂಪು, ಸಂತೆಯ ಜನ. ಗಾಡಿ ಐವತ್ತು ದಾಟಿದ್ದರೆ ಕೇಳಿ. ಬಂದು ಇಳಿದು, ಎಲ್ಲರ ಮುಂದೆ ವರದಿ ಕೊಟ್ಟೆ: "ಗಾಡಿ ಹೂವಿನಂಗ ಐತ್ರಿ."

"ಎಂಬತ್ತಕ್ಕ ಹೊಡದು ನೋಡಬೇಕೋ," ಅಂದ ಮಾಮಾ.

"ಇಂಡಿ ಪ್ಯಾಟ್ಯಾಗ ಎಂಬತ್ತಕ್ಕ ಹೊಡದ್ರ ಗಾಡಿ ನಡಗಂಗಿಲ್ಲ ಮಾಮಾ, ಇಂಡಿ ನಡಗತೈತಿ."

ಎಲ್ಲರೂ ನಕ್ಕರು. ಚಾವಿ ಗೋಡೆಯ ಮೊಳೆಯಿಂದ ಅತ್ತೆಯ ಕೈಗೆ, ಅತ್ತೆಯ ಕೈಯಿಂದ ನನ್ನ ಕಿಸೆಗೆ ಬಂತು. ನನಗೆ ಖುಷಿಯೂ ಆಯಿತು. ಡ್ರೈವರ್ ಸೀಟು ಯಾರಿಗೆ ಬೇಡ?

ಆಮೇಲೆ ನಡೆದದ್ದನ್ನು ಬರೆಯಲು ಕೈ ಹಿಂದಕ್ಕೆ ಜಗ್ಗುತ್ತದೆ. ಮಾಮಾ ತನ್ನ ಕೈಗಳನ್ನು ನೋಡಿಕೊಳ್ಳಲು ಶುರು ಮಾಡಿದ. ಕಟ್ಟೆಯ ಮೇಲೆ ಕೂತು ಅಂಗೈ ಬಿಡಿಸಿ, ಬೆರಳು ಚಾಚಿ, ಬಿಸಿಲಿಗೆ ಹಿಡಿದು ನೋಡುವನು. ಯಾರಾದರೂ ಬಂದರೆ ಬಗಲಲ್ಲಿ ಸೇರಿಸಿಕೊಳ್ಳುವನು. ಗಡ್ಡ ತಾನೇ ಕೆರೆದುಕೊಳ್ಳುತ್ತಿದ್ದವನು ಕ್ಷೌರದಂಗಡಿಗೆ ಹೋಗತೊಡಗಿದ. ಚಹಾದ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯತೊಡಗಿದ. ಆ ಕೈಗಳು ಮನೆಯಲ್ಲಿ ಒಂದು ದಿನವೂ ನಡುಗಿದ್ದನ್ನು ಯಾರೂ ನೋಡಿರಲಿಲ್ಲ, ಆದರೂ. ಎಲ್ಲರೂ ನನ್ನ ನಕಲಿ ನಂಬಿದರು, ಅವನೂ ನಂಬಿದ.

ಮತ್ತು ನಾನು? ಆ ಎರಡು ಕೈಯ ಗ್ಲಾಸನ್ನೂ ಆಟಕ್ಕೆ ಸೇರಿಸಿದೆ. ಅದಕ್ಕೂ ನಕ್ಕರು.

ನನ್ನ ಡ್ರೈವಿಂಗಿನ ಮೊದಲ ಮುದ್ದೇಬಿಹಾಳ ಸವಾರಿ ಬಂತು. ಲೋಡು ಹೇರಿ ಹೊರಟೆವು. ಮಾಮಾ ಪಕ್ಕದ ಸೀಟಿನಲ್ಲಿ, ಕೈ ತೊಡೆಯ ಕೆಳಗೆ. ನಾಲ್ಕು ಲೇನಿನ ಹೆದ್ದಾರಿ ಬಂದಾಗ ನಾನು ಮೊಣಕೈ ಕಿಟಕಿಗೆ ಹಾಕಿ, ಎರಡೇ ಬೆರಳಲ್ಲಿ ಸ್ಟೇರಿಂಗ್ ಹಿಡಿದು, ಕಾಲು ಒತ್ತಿದೆ. ಅರವತ್ತು, ಎಪ್ಪತ್ತು, ಹೂವಿನಂತೆ. ಎಂಬತ್ತು.

ಬೆರಳಲ್ಲಿ ಇರುವೆ ಹರಿದ ಹಾಗಾಯಿತು. ಎರಡು ಕೈ ಹಾಕಿದೆ. ಇರುವೆ ಮೊಣಕೈಗೆ ಬಂದವು. ನನ್ನ ಕೈ ನಡುಗುತ್ತಿತ್ತು. ನಾನು ತಾಟು ಹಿಡಿದು ಎಷ್ಟೋ ಸಲ ಮಾಡಿದ ಅದೇ ನಡುಕ, ಅದೇ ಜರಡಿ. ಒಂದು ಕ್ಷಣ, ಮಾಡಿ ಮಾಡಿ ನನಗೇ ಅಂಟಿತೇನೋ ಎಂದು ಹೆದರಿದೆ.

"ಮಾಡು, ಮಾಡು," ಅಂದ ಮಾಮಾ.

ತಿರುಗಿ ನೋಡಿದೆ. ಅವನು ನನ್ನ ಕೈ ನೋಡುತ್ತಿದ್ದ.

"ಎಲ್ಲಾರ ಮುಂದೂ ಮಾಡಿದಿ. ನನ್ನ ಮುಂದ ಒಂದು ಮಾಡಿರಲಿಲ್ಲ. ಭಾಳ ಛಂದ ಮಾಡತಿ."

"ಮಾಮಾ, ನಾ ಮಾಡಾಕತ್ತಿಲ್ಲೋ! ತಾನ ಆಗಾಕತ್ತೈತಿ! ಗಾಡಿ ನಡಗತೈತಿ, ನಾ ಅಲ್ಲ!"

ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು, ಏನು ಬಿತ್ತೆಂದು. ಮಾಮಾ ಮುಂದಿನ ಗಾಜಿನ ಕಡೆ ತಿರುಗಿ, "ನಿಂದ್ರಸು," ಅಂದ. ಬೇಡಿಕೊಂಡೆ. ಮತ್ತೆ ಅದೇ ಮಾತು: "ನಿಂದ್ರಸೋ." ಗೊಳಸಂಗಿ ಕ್ರಾಸಿನಲ್ಲಿ ನಿಲ್ಲಿಸಿದೆ. ಅವನು ಮೊಣಕಾಲು ಹಿಡಿದುಕೊಂಡು ಇಳಿದು, ಧೋತರದ ಚುಂಗು ಸರಿ ಮಾಡಿಕೊಂಡು, ರಸ್ತೆ ದಾಟಿ, ವಾಪಸು ಹೋಗುವ ಬಸ್ಸಿಗೆ ಕೈ ಮಾಡಿದ. ಕೈ ಎತ್ತಿ ತಕ್ಷಣ ಇಳಿಸಿದ್ದನ್ನು ಕನ್ನಡಿಯಲ್ಲಿ ನೋಡಿದೆ. ಹೆಚ್ಚು ಹೊತ್ತು ಎತ್ತಿ ಹಿಡಿದರೆ ಜನ ನೋಡುತ್ತಾರೆಂದು.

ಮುದ್ದೇಬಿಹಾಳಕ್ಕೆ ಅರವತ್ತು ದಾಟದೆ ಹೋದೆ. ಹಿಂದಿದ್ದ ಲಾರಿಗಳೆಲ್ಲ ಹಾರ್ನಿನಲ್ಲಿ ಬೈದು ಮುಂದೆ ಹೋದವು. ಯಾರ ಹಾರ್ನನ್ನೂ ಅಣಕಿಸಲಿಲ್ಲ.

ಬರುವಾಗ ಬಸವನಬಾಗೇವಾಡಿಯ ಒಂದು ಗ್ಯಾರೇಜಿಗೆ ನುಗ್ಗಿದೆ. ಅಲ್ಲಿನ ಮಿಸ್ತ್ರಿಗೆ ಊರ ತುಂಬ ಕೇಳುವ ದನಿ. ಏನಾಗೇತಿ ಅಂದ. ನಾನು ಬಾಯಲ್ಲಿ ಹೇಳುವ ಬದಲು ಸ್ಟೂಲಿನ ಮೇಲೆ ಕೂತು ಮಾಡಿ ತೋರಿಸಿದೆ. ಚಟ ನೋಡಿ! ಕೈ ನಡುಗಿಸಿದೆ, ಸೊಂಟ ನಡುಗಿಸಿದೆ, ಹಲ್ಲು ಕಟಕಟಿಸಿದೆ. ಪಕ್ಕದ ಚಹಾದಂಗಡಿಯವರು ಗ್ಲಾಸು ಹಿಡಿದೇ ಬಂದು ನಿಂತರು. ಮಿಸ್ತ್ರಿ ಹೊಟ್ಟೆ ಹಿಡಿದು ನಕ್ಕ. ನಕ್ಕು ಮುಗಿದ ಮೇಲೆ ಕೇಳಿದ:

"ಅದೆಲ್ಲಾ ಇರಲಿ ತಮ್ಮಾ. ಕೈ ನಡಗತಾವೋ, ಕುಂಡಿ ನಡಗತೈತೋ? ಕೈ ಅಂದ್ರ ಮುಂದಿನ ಗಾಲಿ. ಕುಂಡಿ ಅಂದ್ರ ಹಿಂದಿನ ಗಾಲಿ, ಇಲ್ಲಾ ಶಾಫ್ಟು. ಹಲ್ಲು ನಡಗಿದ್ರ ದವಾಖಾನಿ ಆ ಕಡೆ ಐತಿ."

ನಾನು ಯೋಚಿಸಿದೆ. ನಿಜಕ್ಕೂ ನಡುಗಿದ್ದು ಯಾವುದು, ಜನ ನಗಲೆಂದು ನಾನು ಸೇರಿಸಿದ್ದು ಯಾವುದು, ನನಗೇ ಬೇರೆ ಮಾಡಲು ಬರಲಿಲ್ಲ. "ಎಲ್ಲಾ ನಡಗತಾವ್ರಿ," ಅಂದೆ. "ಹಂಗಾದ್ರ ಎಂಜಿನ್ ಇಳಸೋಣೇನು?" ಅಂದ ಮಿಸ್ತ್ರಿ. ಹೆದರಿ, ಮೊದಲು ಮುಂದಿನ ಗಾಲಿ ನೋಡ್ರಿ ಅಂದೆ. ಪಕ್ಕದ ಟಯರ್ ಅಂಗಡಿಗೆ ಕಳಿಸಿದ.

ಟಯರ್ ಅಂಗಡಿಯವನು ಗಾಲಿ ಬಿಚ್ಚಿ ಬ್ಯಾಲೆನ್ಸ್ ಮಾಡುವ ಮಷೀನಿಗೆ ಏರಿಸಿದ. ಗಾಲಿ ಗಿರ್ರನೆ ತಿರುಗುತ್ತದೆ, ಯಾವ ಕಡೆ ತೂಕ ಹೆಚ್ಚು ಎಂದು ಮಷೀನು ಹೇಳುತ್ತದೆ, ಅದಕ್ಕೆ ಎದುರು ಕಡೆ ಸೀಸದ ತುಂಡು ಬಡಿದು ತೂಕ ಸರಿ ಮಾಡುತ್ತಾರೆ. ನಾನು ಸುಮ್ಮನೆ ನಿಲ್ಲುವ ಪ್ರಾಣಿಯೇ? ಅವನಿಗೆ ಆ ಮಿಸ್ತ್ರಿಯದೇ ನಕಲಿ ಮಾಡಿ ತೋರಿಸಿದೆ. "ದವಾಖಾನಿ ಆ ಕಡೆ ಐತಿ!" ಅವನು ಬಿದ್ದು ಬಿದ್ದು ನಕ್ಕ, ನಗುತ್ತಲೇ ಎರಡೂ ಗಾಲಿ ಮುಗಿಸಿದ. ಗಾಲಿಯನ್ನು ಮಷೀನಿಗೆ ಏರಿಸುವ ಮುಂಚೆ ಒಳಮೈ ಕೆರೆದು ಸ್ವಚ್ಛ ಮಾಡಬೇಕು. ಅದು ಅವನಿಗೆ ಗೊತ್ತಿತ್ತು. ನಗುವಿನಲ್ಲಿ ಮರೆತ.

ಹೆದ್ದಾರಿಗೆ ಬಂದು ಎಂಬತ್ತಕ್ಕೆ ಹೊಡೆದೆ. ನಡುಕವಿಲ್ಲ. ತೊಂಬತ್ತು. ಇಲ್ಲ. ಇಂಡಿಯವರೆಗೆ ಹಾಡುತ್ತ ಬಂದೆ.

ಮನೆಗೆ ಬಂದು ಅಂಗಳದಿಂದಲೇ ಕೂಗಿದೆ: "ಅತ್ತಿ, ಗಾಡಿನ ನಡಗತಿತ್ತು! ಮಾಮಾ ಅಲ್ಲ! ಸರಿ ಮಾಡಿಸಿಕೊಂಡು ಬಂದೇನಿ!"

ಅತ್ತೆ ಅಡುಗೆಮನೆಯಿಂದ ಹೊರಗೆ ಬಂದು ಸಣ್ಣ ದನಿಯಲ್ಲಿ, "ಹೊಯ್ಕೋಬ್ಯಾಡ. ಅವರಿಗೆ ಸಮಾಧಾನ ಆಗಲಿ ಅಂತ ಹೇಳತಿ, ಗೊತ್ತಾತು. ಮಾಡೂದು ಮಾಡಿ ಈಗ ಮುಲಾಮು ಹಚ್ಚತಿ," ಅಂದಳು. ಮಾಮಾನನ್ನು ಕರೆದುಕೊಂಡು ಹೋಗಿ ಎಂಬತ್ತಕ್ಕೆ ಹೊಡೆದು ತೋರಿಸಿದೆ. ನಡುಗಲಿಲ್ಲ. ನಡುಗದ ಗಾಡಿ ಏನು ಸಾಕ್ಷಿ ಹೇಳುತ್ತದೆ? "ನೀ ಹೊಡದ್ರ ನಡಗಂಗಿಲ್ಲ," ಅಂದ ಮಾಮಾ, "ವಯಸ್ಸೈತಿ." ಸೀಟು ಬಿಟ್ಟುಕೊಟ್ಟೆ. "ನಕಲಿ ಸಾಕು," ಅಂದು ಇಳಿದು ಹೋದ. ತಮಾಷೆ ಸಾಕು ಅಂದನೋ, ಸುಳ್ಳು ಸಾಕು ಅಂದನೋ. ಅಷ್ಟು ದಿನ ಎಲ್ಲರ ದನಿಯಲ್ಲೂ ಮಾತಾಡಿದ್ದೆ. ಖರೇ ಹೇಳುವ ದಿನ ಬಂದಾಗ ನನ್ನ ದನಿಗೆ ಊರಲ್ಲಿ ಪತ್ತೆಯಿಲ್ಲ.

ಮುಂದಿನ ಲೋಡಿಗೆ ಅತ್ತೆಯೂ ಹೊರಟಳು. ಬಸವನಬಾಗೇವಾಡಿಯ ಗುಡಿಗೆ ಹಣ್ಣು ಕಾಯಿ ಮಾಡಿಸಿ, ಮಗಳಿಗೆ ಸುಸೂತ್ರ ಹೆರಿಗೆ ಆಗಲಿ ಎಂದು ಬೇಡಿಕೊಳ್ಳುವುದಿತ್ತು. ನಾನು ಡ್ರೈವರು, ಅತ್ತೆ ನಡುವೆ, ಮಾಮಾ ಕಿಟಕಿಗೆ. ದಾರಿಯಲ್ಲಿ ಒಂದು ಹಂಪು ನನಗೆ ಕಾಣಲಿಲ್ಲ. ಗಾಡಿ ಎದ್ದು ಬಿತ್ತು, ಕೆಳಗೆ ಏನೋ ದಪ್ ಅಂದ ಹಾಗಾಯಿತು. ಮುಂದೆ ಹೋದೆವು. ಹೆದ್ದಾರಿ ಬಂತು. ಎಂಬತ್ತೂ ಆಗಿರಲಿಲ್ಲ, ಸ್ಟೇರಿಂಗ್ ನಡುಗಲು ಶುರುವಾಯಿತು. ಮೊದಲಿನಂತಲ್ಲ, ಅದರ ಅಣ್ಣ.

"ಲೇ!" ಅತ್ತೆ ನನ್ನ ರಟ್ಟೆಗೆ ಬಡಿದಳು. "ಗಾಡಿ ಹೊಡಿಯೂ ಮುಂದರ ಬಿಡೋ ನಿನ್ನ ಸುಡುಗಾಡು ಆಟ! ಬಾಜೂಕ ಅವರು ಕುಂತಾರ, ನಾಚಿಕಿ ಬರೂದಿಲ್ಲ?"

ಇನ್ನೇನು ಹೇಳಲಿ? ಯಾವ ಮಾತು ಉಳಿದಿತ್ತು? ರಸ್ತೆ ಖಾಲಿಯಿತ್ತು. ಎರಡೂ ಕೈ ಸ್ಟೇರಿಂಗ್ ಬಿಟ್ಟು ಮೇಲೆ ಎತ್ತಿದೆ, ಪೊಲೀಸರಿಗೆ ಶರಣಾದ ಕಳ್ಳನಂತೆ.

ಸ್ಟೇರಿಂಗ್ ತಾನೇ ನಡುಗುತ್ತಿತ್ತು. ಹಿಡಿದವರ್ಯಾರೂ ಇಲ್ಲ, ಆದರೂ ಎಡಕ್ಕೆ ಬಲಕ್ಕೆ ಎಡಕ್ಕೆ ಬಲಕ್ಕೆ, ನನ್ನ ಆಟವನ್ನು ನನಗಿಂತ ಚೆನ್ನಾಗಿ ಮಾಡುತ್ತಿತ್ತು.

"ಹಿಡಿಯೋ ಹಾಟ್ಯಾ!" ಅತ್ತೆ ಚೀರಿದಳು.

ಮಾಮಾ ಚೀರಲಿಲ್ಲ. ಮುಂದಕ್ಕೆ ಬಾಗಿ ಆ ಸ್ಟೇರಿಂಗನ್ನು ನೋಡಿದ. "ಹಿಡಿ," ಅಂದ. ಹಿಡಿದೆ. ಆಮೇಲೆ ಅವನ ದನಿ ಬದಲಾಯಿತು. ಎಷ್ಟೋ ದಿನದಿಂದ ಕೇಳಿರದ ದನಿ, ಹಳೇ ಡ್ರೈವರನ ದನಿ.

"ನಾ ಕೇಳಿದ್ದಕ್ಕ ಇದ್ದಷ್ಟ ಹೇಳು. ಹೆಚ್ಚಿಗೀ ಒಂದೂ ಹೇಳಬ್ಯಾಡ. ಎಷ್ಟಕ್ಕ ಸುರು ಆತು?"

"ಎಪ್ಪತ್ತೈದಕ್ಕ."

"ಕ್ಲಚ್ ಒತ್ತಿ ಗೇರ್ ನ್ಯೂಟ್ರಲ್ ಮಾಡು. ನಿಂತತೇನು?"

"ಇಲ್ಲ. ಇನ್ನೂ ಐತಿ."

"ಹಂಗಾದ್ರ ಎಂಜಿನ್ನಿಂದಲ್ಲ. ಬ್ರೇಕ್ ಸ್ವಲ್ಪ ಮುಟ್ಟು. ಹೆಚ್ಚಾತೇನು?"

"ಇಲ್ಲ. ಇದ್ದಷ್ಟ ಐತಿ."

"ಬ್ರೇಕಿಂದೂ ಅಲ್ಲ. ಸೀಟು?"

ಹಲ್ಲು ಕಚ್ಚಿ ಕೂತು ನೋಡಿದೆ. ಅಷ್ಟು ದಿನ ಸೊಂಟ ಕುಣಿಸಿ ಜನರನ್ನು ನಗಿಸಿದ್ದೆನಲ್ಲ. ಸೀಟು ಗಪ್ಪಗೆ ಇತ್ತು. "ಸೀಟು ನಡಗೂದಿಲ್ಲ ಮಾಮಾ. ಕೈ ಅಷ್ಟ."

"ತಲಿ?"

"ಇಲ್ಲ."

"ಹಲ್ಲು?"

ಎಲ್ಲವೂ ಅವನ ಕಿವಿಗೆ ಬಿದ್ದಿದೆ. ನನ್ನ ಆಟದ ಒಂದೊಂದು ಅಂಗವೂ ಅವನಿಗೆ ಗೊತ್ತಿದೆ. "ಇಲ್ಲ ಮಾಮಾ," ಅಂದೆ. "ಅದು ನಾ ಹಚ್ಚಿದ್ದು."

"ಮುಂದಿನ ಗಾಲಿ," ಅಂದ ಅವನು. "ಬಾಜೂಕ ತಗೊ."

ಹೆದ್ದಾರಿಯಿಂದ ಇಳಿಸಿ ಒಂದು ಬೇವಿನ ಮರದಡಿ ನಿಲ್ಲಿಸಿದೆ. ಮಾಮಾ ಹೆಗಲ ಟಾವೆಲ್ಲು ನೆಲಕ್ಕೆ ಹಾಸಿ, ಮೊಣಕಾಲಿನ ನೋವಿಗೆ ಬಾಯಿ ಕಚ್ಚಿಕೊಂಡು ಅಡ್ಡಾದ. ಎಡಗಡೆಯ ಮುಂದಿನ ಗಾಲಿಯ ಒಳಕ್ಕೆ ಕೈ ತೂರಿಸಿ, ಕಣ್ಣು ಮುಚ್ಚಿ, ರಿಮ್ಮಿನ ಒಳಮೈ ಸುತ್ತ ಸವರಿದ. ಆ ಕೈ ನಡುಗಲಿಲ್ಲ. ನಾನು ಹತ್ತಿರದಿಂದ ನೋಡಿದೆ, ಈ ಸಲ ಬೇರೆ ಕಾರಣಕ್ಕೆ.

"ಪಾನಾ ಕೊಡು."

ಕೊಟ್ಟೆ. ಒಳಗೆ ಟಣ್ ಟಣ್ ಅನ್ನಿಸಿ ಒಂದು ಹೆಂಟೆಯನ್ನು ಎಬ್ಬಿಸಿ ಹೊರಗೆ ತೆಗೆದ. ಎರೆ ಮಣ್ಣು. ಮಳೆಗಾಲದ ತೋಟದ ಕೆಸರು ರಿಮ್ಮಿನೊಳಗೆ ಮೆತ್ತಿ, ಒಣಗಿ, ಮೇಲೆ ಮತ್ತೆ ಮೆತ್ತಿ, ಒಣಗಿ, ಇಟ್ಟಂಗಿಯಾಗಿತ್ತು. ರಿಮ್ಮಿನ ದುಂಡಗೆ ಸರಿಯಾಗಿ ಬಾಗಿಕೊಂಡಿತ್ತು. ಪಕ್ಕದಲ್ಲಿ ಅದರ ಜೋಡಿ ಹೆಂಟೆ ಇದ್ದ ಜಾಗ ಖಾಲಿ. ಹಂಪಿನಲ್ಲಿ ದಪ್ ಅಂದದ್ದು ಅದು. ಟಯರ್ ಅಂಗಡಿಯವನು ಮಣ್ಣಿನ ತೂಕಕ್ಕೆ ಎದುರು ಸೀಸ ಬಡಿದಿದ್ದ. ಅರ್ಧ ಮಣ್ಣು ಬಿತ್ತು, ಸೀಸ ಉಳಿಯಿತು, ಗಾಲಿ ಮತ್ತೆ ಓರೆ ತೂಗಿತು. ಇಷ್ಟೇ. ಮಾಮಾನ ಅಪ್ಪನಿಂದ ಬಂದದ್ದೂ ಅಲ್ಲ, ವಯಸ್ಸಿನಿಂದ ಬಂದದ್ದೂ ಅಲ್ಲ. ನಾನು ತೊಳೆಯದೆ ಬಿಟ್ಟ ಮಣ್ಣು.

ಮಾಮಾ ಎದ್ದು ಕೂತು ಆ ಹೆಂಟೆಯನ್ನು ನನ್ನ ಅಂಗೈಗೆ ಇಟ್ಟ. ಏನೂ ಅನ್ನಲಿಲ್ಲ. ಅಂದಿದ್ದರೆ ನಾನು ಬದುಕುತ್ತಿದ್ದೆ.

ಅಂದವಳು ಅತ್ತೆ. ಅದನ್ನು ದಿಟ್ಟಿಸಿ ನೋಡಿ, "ಅಯ್ಯ ಶಿವನ, ಅಮಾಸಿಗೊಮ್ಮಿ ಇದಕ್ಕೇನೋ ನಾ ಊದಿನಕಡ್ಡಿ ಬೆಳಗಿದ್ದು?" ಅಂದಳು. ನಗಬೇಕೋ ಅಳಬೇಕೋ ತಿಳಿಯದೆ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಗಂಡನ ಬೆನ್ನಿಗೆ ಹತ್ತಿದ ಧೂಳು ಜಾಡಿಸತೊಡಗಿದಳು. ಧೂಳು ಹೋದ ಮೇಲೂ ಸುಮಾರು ಹೊತ್ತು ಜಾಡಿಸಿದಳು.

ನಿಧಾನಕ್ಕೆ ಬಸವನಬಾಗೇವಾಡಿಗೆ ಹೋದೆವು. ಅತ್ತೆ ಗುಡಿಗೆ ಹೋದಳು. ಅದೇ ಟಯರ್ ಅಂಗಡಿ. ಎರಡೂ ಗಾಲಿ ಬಿಚ್ಚಿಸಿ, ನಾನೇ ಕೂತು ಒಳಮೈ ಕೆರೆದು, ನೀರು ಹೊಡೆದು, ಅರಿವೆಯಿಂದ ಒರೆಸಿದೆ. ಹಳೇ ಸೀಸ ಕಿತ್ತು ಹೊಸದಾಗಿ ಬ್ಯಾಲೆನ್ಸ್ ಆಯಿತು. "ಏನಪಾ, ಇವತ್ತು ಆಟ ಇಲ್ಲೇನು?" ಅಂದ ಅಂಗಡಿಯವನು. ಇಲ್ಲ ಅಂದೆ.

ಅಷ್ಟರಲ್ಲಿ ಪಕ್ಕದ ಚಹಾದಂಗಡಿಯವರು ನನ್ನ ಗುರುತು ಹಿಡಿದರು. ಮಾಮಾನೂ ನಾನೂ ಬೆಂಚಿನ ಮೇಲೆ ಕೂತಿದ್ದೆವು. ಅವನ ಎರಡೂ ಕೈ ಗ್ಲಾಸಿನ ಸುತ್ತ ಇದ್ದವು. ಗಾಡಿಯ ನಿಜ ಕಣ್ಣೆದುರು ಬಂದು ಇನ್ನೂ ಒಪ್ಪತ್ತೂ ಆಗಿಲ್ಲ, ಆದರೂ ಎರಡೂ ಕೈ.

"ಏ ನಕಲಿ ಹುಡುಗಾ, ಮಾಡೋ ಆ ನಡಗೂ ಮಾಮಾಂದ!" ಅಂದ ಒಬ್ಬ. ಬೆಂಚಿನ ಮೇಲಿದ್ದವನೇ ಆ ಮಾಮಾ ಎಂದು ಅವನಿಗೇನು ಗೊತ್ತು? ಇನ್ನಿಬ್ಬರು ಹತ್ತಿರ ಬಂದರು. ಒಬ್ಬ ತಾಟು ತಂದು ನನ್ನ ಕೈಗೆ ಕೊಟ್ಟ.

ನಾನು ತಾಟು ಕೆಳಗಿಟ್ಟೆ. "ನಡಗಿದ್ದು ಗಾಡಿ ರೀ, ನಮ್ಮ ಮಾಮಾ ಅಲ್ಲ," ಅಂದೆ.

ಹೋ ಎಂದು ನಗೆ ಎದ್ದಿತು. ತೊಡೆ ತಟ್ಟಿಕೊಂಡು ನಕ್ಕರು. ನಾನು ಅದನ್ನು ಅವನ ಒಡಕು ದನಿಯಲ್ಲೇ ಹೇಳಿದ್ದೆ. ಬೇಕೆಂದಲ್ಲ. ಆ ಮಾತಿಗೆ ನನ್ನ ಬಾಯಲ್ಲಿ ಬೇರೆ ದನಿಯೇ ಇರಲಿಲ್ಲ.

ನಗೆ ಇಳಿದ ಮೇಲೆ ಮಾಮಾ ಗ್ಲಾಸಿನೊಳಗೆ ನೋಡುತ್ತಲೇ ಅಂದ: "ಇನ್ನೊಮ್ಮಿ ಹೇಳು. ನನ್ನ ದನಿ ನನಗ ಬಿಟ್ಟು ಹೇಳು."

ತಾಟು ತಂದವನಿಗೆ ಈಗ ತಿಳಿಯಿತು, ಯಾರು ಕೂತಿದ್ದಾರೆಂದು. ನಾನು ಗಂಟಲು ಸರಿ ಮಾಡಿಕೊಂಡೆ. ಕಂಡಕ್ಟರೂ ಇಲ್ಲ, ಮಿಸ್ತ್ರಿಯೂ ಇಲ್ಲ, ಯಾರೂ ಸಹಾಯಕ್ಕೆ ಬರಲಿಲ್ಲ. ಹೇಳಿದೆ: "ಇವರು ನಮ್ಮ ಮಾಮಾ. ಇವರ ಕೈ ನಡಗಂಗಿಲ್ಲ. ಗಾಲಿ ಒಳಗ ಮಣ್ಣಿತ್ತು. ತೊಳಿಬೇಕಾದವ ನಾ."

ಬಹಳ ಚಪ್ಪೆಯಾಗಿತ್ತು ಆ ದನಿ. ಯಾರೂ ನಗಲಿಲ್ಲ. ಒಬ್ಬ ಬಸ್ಸು ಬಂತೇನೋ ಎಂದು ರಸ್ತೆ ಕಡೆ ಹೋದ, ಅಂಗಡಿಯವನು ಒಲೆಯ ಕಡೆ ತಿರುಗಿದ. ನನ್ನ ಹುಟ್ಟಿನಲ್ಲಿ ಇಷ್ಟು ಕೆಟ್ಟ ಆಟ ನಾನು ಮಾಡಿಲ್ಲ.

ಮಾಮಾ ಚಹಾ ಮುಗಿಸಿ, ಗ್ಲಾಸು ಇಟ್ಟು, ಚಾವಿಗೆ ಕೈ ಚಾಚಿದ.

ಅಂದಿನಿಂದ ಅವನೇ ಓಡಿಸುತ್ತಾನೆ. ಆ ದಿನ ಗುಡಿಯಿಂದ ಬಂದ ಅತ್ತೆ ತಾನಾಗಿಯೇ ನಡುವಿನ ಸೀಟಿಗೆ ಹತ್ತಿ ಕೂತು, "ಹೊಡೀರಿ, ಎಂಬತ್ತಕ್ಕ ಹೊಡೀರಿ," ಅಂದಳು. ಹೊಡೆದ. ತೊಂಬತ್ತಕ್ಕೂ ಹೊಡೆದ. ಸ್ಟೇರಿಂಗ್ ತುಂಬಿದ ಕೊಡದ ನೀರಿನಂತೆ ನಿಂತಿತ್ತು. ಮುದ್ದೇಬಿಹಾಳಕ್ಕೆ ಎಷ್ಟೋ ಸಲ ಹೋಗಿ ಬಂದಿದ್ದೇವೆ ಆಮೇಲೆ. ಗಾಲಿಯ ಒಳಮೈ ನಾನು ಅಮಾವಾಸ್ಯೆಗೆ ಕಾಯದೆ ತೊಳೆಯುತ್ತೇನೆ. ಸಿಂದಗಿಯಲ್ಲಿ ಮೊಮ್ಮಗಳನ್ನು ಎತ್ತಿಕೊಳ್ಳುವಾಗ ಮಾಮಾ ಮೊದಲು ಗೋಡೆಗೆ ಒರಗಿ ಕೂತು, ಆಮೇಲೆ ಕೈ ಚಾಚಿದ. ಬೀಗತಿ ಅದನ್ನು ನೋಡಿದಳು. ನಾನೂ ನೋಡಿದೆ.

ಗಾಡಿಯಲ್ಲಿ ಅವನ ಹತ್ತೂ ಬೆರಳು ಇನ್ನೂ ಸ್ಟೇರಿಂಗ್ ಮೇಲೆಯೇ ಇರುತ್ತವೆ, ಬಿಗಿಯಾಗಿ, ಈಗ ತಾನೆ ಕಲಿತವರ ಹಾಗೆ. ಮೊಣಕೈ ಕಿಟಕಿಗೆ ಬಂದಿಲ್ಲ. ನಾನು ಕಳ್ಳಗಣ್ಣಿನಲ್ಲಿ ನೋಡುತ್ತಿರುತ್ತೇನೆ. ಒಮ್ಮೊಮ್ಮೆ ಅವನಿಗೆ ಗೊತ್ತಾಗುತ್ತದೆ.

"ಏನ್ ನೋಡಾಕತ್ತಿ? ಹೊಸ ಆಟ ಕಟ್ಟಾಕತ್ತಿಯೇನು?"

"ಇಲ್ಲ ಮಾಮಾ."

"ಮತ್ತ ರೋಡ್ ನೋಡು."

ರೋಡ್ ನೋಡುತ್ತೇನೆ. ಗೊಳಸಂಗಿ ಹೋಗುತ್ತದೆ, ನಿಡಗುಂದಿ ಬರುತ್ತದೆ. ಇಂದಲ್ಲ ನಾಳೆ ಆ ಮೊಣಕೈ ಹೊರಗೆ ಬಂದೀತು. ಬಂದ ದಿನ ನಾನು ಯಾರಿಗೂ ಮಾಡಿ ತೋರಿಸುವುದಿಲ್ಲ.